ಯಂತ್ರ ಬದಲಿಸುವ ಮೊದಲು

ಧಾರಾವಿಯ ಗಾಲಾಗಳಲ್ಲಿ ಚರ್ಮದ ಚೀಲ, ಹೊಲಿಗೆ ಎಂದು ದುಡಿಯುವ ಬಂಧುಗಳೇ, ನಿಮ್ಮ ಲೆಕ್ಕದ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದೆಯೇ? ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಸಲಿ ಪ್ರತಿ ಇದ್ದವರಿಗೆ ವಿಂಡೋಸ್ 11 ಪುಕ್ಕಟೆ. ಆದರೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳಿಗೆ ಕಂಪೆನಿ ಅದನ್ನು ಕೊಡುವುದಿಲ್ಲ.

ಹಾಗಾದರೆ ಲ್ಯಾಮಿಂಗ್ಟನ್ ರೋಡಿನಿಂದ ಬೇರೆ ಯಂತ್ರ ತಂದು, ಹಳೆಯದರ ವಿಂಡೋಸನ್ನೇ ಹಾಕೋಣ ಎನ್ನುತ್ತೀರಿ. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಯಂತ್ರದೊಡನೆಯೇ ಬಂದ ಪರವಾನಗಿ, ಅಂಗಡಿಯವರು ಓಇಎಂ ಎನ್ನುತ್ತಾರಲ್ಲ, ಅದು ಆ ಯಂತ್ರಕ್ಕೇ ಸೇರಿದ್ದು. ಯಂತ್ರ ಗುಜರಿಗೆ ಹೋದರೆ ಅದೂ ಹೋಯಿತು. ಬೇರೆಯಾಗಿ ಹಣ ತೆತ್ತು ಕೊಂಡದ್ದಾದರೆ, ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಬಿಲ್ಲು ಹುಡುಕಿ ನೋಡಿ.

“ಐನೂರು ಕೊಡಿ ಸೇಠ್, ನಾನು ಹಾಕಿಕೊಡುತ್ತೇನೆ” ಎನ್ನುವ ಹುಡುಗರಿಗೆ ಬರವಿಲ್ಲ. ಗೊತ್ತಿದ್ದೂ ನಕಲಿ ಪ್ರತಿ ಬಳಸಿ ವ್ಯಾಪಾರ ಮಾಡಿದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಎಂದಿದೆ. ಆ ಹುಡುಗ ಆಗ ಎಲ್ಲಿರುತ್ತಾನೋ!

ಬರೀ ಪತ್ರ, ಪಟ್ಟಿಗಳಿಗಾದರೆ ಪುಕ್ಕಟೆಯ ಉಬುಂಟು ಸಾಕು. ಟ್ಯಾಲಿ ಇಟ್ಟವರಿಗೆ ಮಾತ್ರ ವಿಂಡೋಸೇ ಬೇಕು. ಅದರ ಪರವಾನಗಿಯನ್ನೂ ಹಳೆಯ ಯಂತ್ರ ಮಾರುವ ಮೊದಲೇ ಅಲ್ಲಿಂದ ‘ಸರೆಂಡರ್’ ಮಾಡಿಸಿಕೊಳ್ಳಿ.