ಹಳೆ ಕಂಪ್ಯೂಟರ್‌ನ ತಿಂಗಳ ಲೆಕ್ಕ: 43 ಯೂನಿಟ್

ಇಂಟೆಲ್‌ನ ಕೋರ್ 2 ಡ್ಯುಯೋ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಆ ಕಾಲದ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಅಪಾಚೆಯನ್ನೋ ಎಂಜಿನ್‌ಎಕ್ಸ್ ಅನ್ನೋ ಕೂರಿಸಿ, ಬಳ್ಳಾರಿಯ ಗಾಂಧಿನಗರದ ಒಂದು ಮನೆಯಿಂದಲೇ ವೆಬ್ ಸರ್ವರ್ ನಡೆಸಬಹುದೇ? ನಡೆಸಬಹುದು. ಮನೆಯಲ್ಲಿ ಬಿದ್ದಿರುವ ಯಂತ್ರ, ಸಾಫ್ಟ್‌ವೇರ್ ಉಚಿತ, ಎಲ್ಲವೂ ಪುಕ್ಕಟೆ ಎಂದೇ ತೋರುತ್ತದೆ. ಅದರ ಖರ್ಚು ಕುಳಿತಿರುವುದು ಬಾಗಿಲ ಪಕ್ಕದ ಮೀಟರಿನಲ್ಲಿ.

ಮಾನಿಟರ್ ಕಳಚಿಟ್ಟರೂ ಇಂಥ ಡೆಸ್ಕ್‌ಟಾಪ್ ಸುಮ್ಮನೆ ಕೂತಲ್ಲೇ 50ರಿಂದ 80 ವ್ಯಾಟ್ ಎಳೆಯುತ್ತದೆ. 60 ಎಂದು ಹಿಡಿಯೋಣ. ಹಗಲು ರಾತ್ರಿ ಓಡಿದರೆ ತಿಂಗಳಿಗೆ 43.2 ಯೂನಿಟ್, ವರ್ಷಕ್ಕೆ 518. ಯೂನಿಟ್‌ಗೆ 6 ರೂಪಾಯಿ ಆಸುಪಾಸು ಎಂದರೆ ವರ್ಷಕ್ಕೆ ಸುಮಾರು 3,110 ರೂ. ಇದು ಮೇಲ್ನೋಟದ ಲೆಕ್ಕ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಯಲ್ಲಿ ಲೆಕ್ಕದ ರೀತಿಯೇ ಬೇರೆ.

2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟೇ ಆ ಮನೆಯ ಪಾಲು. ಸರಾಸರಿ 100 ಯೂನಿಟ್ ಇದ್ದ ಮನೆಗೆ 110 ಉಚಿತ. ಅಲ್ಲಿ ಸರ್ವರ್ ಸೇರಿದರೆ ಬಳಕೆ 143ಕ್ಕೆ ಏರುತ್ತದೆ. ಹೆಚ್ಚಾದ 33 ಯೂನಿಟ್‌ಗೆ ಸುಮಾರು 200 ರೂ. ಕಟ್ಟಬೇಕು. ಇಷ್ಟಾದರೆ ಸಹಿಸಬಹುದು. ಸರಾಸರಿ 160 ಇರುವ ಮನೆಯಲ್ಲಿ ಮಾತ್ರ ಪೆಟ್ಟು ಜೋರು. 160ಕ್ಕೆ 43 ಕೂಡಿದರೆ 203. 200 ದಾಟಿದ ತಿಂಗಳು ಪೂರ್ತಿ ಬಿಲ್ ಮನೆಯವರದೇ. ಸೊನ್ನೆ ಇದ್ದ ಬಿಲ್ ಒಮ್ಮೆಗೇ 1,200 ರೂಪಾಯಿ ಮುಟ್ಟುತ್ತದೆ, ನಿಗದಿತ ಶುಲ್ಕ ಬೇರೆ. ಬಳ್ಳಾರಿಯ ಏಪ್ರಿಲ್-ಮೇ ತಿಂಗಳಲ್ಲಿ 150 ವ್ಯಾಟ್‌ನ ಕೂಲರ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ಅದೂ 45 ಯೂನಿಟ್. ಅಂದರೆ ಮೂಲೆಯಲ್ಲಿರುವ ಹಳೆ ಯಂತ್ರ, ಬಳಕೆಯಲ್ಲಿ, ಮನೆಗೆ ತಂದ ಇನ್ನೊಂದು ಕೂಲರ್. ಒಂದು ಸೆಕೆಯನ್ನು ತಗ್ಗಿಸುತ್ತದೆ, ಇನ್ನೊಂದು ಕೋಣೆಗೆ ಬಿಸಿಯನ್ನೇ ಸುರಿಯುತ್ತದೆ.

ಇಷ್ಟು ಕರೆಂಟ್ ಕುಡಿದು ಅದು ಮಾಡುವ ಕೆಲಸ ಎಷ್ಟು? ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. 'ಬಳ್ಳಾರಿ' ಎಂದು ಬರೆದರೆ 7 ಚಿಹ್ನೆ, 21 ಬೈಟ್. ಆರು ಸಾವಿರ ಚಿಹ್ನೆಗಳ ಲೇಖನವೊಂದು ಹೆಚ್ಚೆಂದರೆ 19 ಕೆಬಿ. ದಿನಕ್ಕೆ ಸಾವಿರ ಜನ ಓದಿದರೂ 86 ಸೆಕೆಂಡಿಗೆ ಒಬ್ಬರು. ಒಟ್ಟು ಸಾಗುವುದು 20 ಎಂಬಿಯೊಳಗೆ. ಇಪ್ಪತ್ತು ವರ್ಷದ ಪ್ರೊಸೆಸರ್‌ಗೂ ಇದು ಭಾರವಲ್ಲ. ಹಳೆ ಕಂಪ್ಯೂಟರ್‌ನ ವೇಗ ಸಾಲದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ದುಬಾರಿಯಾಗುವುದು ಕೆಲಸವಿಲ್ಲದೆ ಕಾಯುವ ಹೊತ್ತಿನಲ್ಲಿ.

ಇನ್ನು ನಂಬಿಕೆಯ ಮಾತು. ದೊಡ್ಡ ಸಂಸ್ಥೆಗಳು ಭರವಸೆ ಕೊಡುವ ಶೇ 99.9 ಲಭ್ಯತೆ ಎಂದರೆ ವರ್ಷದಲ್ಲಿ ಸರ್ವರ್ ನಿಲ್ಲಬಹುದಾದ ಸಮಯ 8 ಗಂಟೆ 45 ನಿಮಿಷ. ದಿನಕ್ಕೆ ಬರೀ ಅರ್ಧ ಗಂಟೆ ಕರೆಂಟ್ ಹೋದರೂ ವರ್ಷಕ್ಕೆ 182 ಗಂಟೆ. ಲಭ್ಯತೆ ಶೇ 97.9ಕ್ಕೆ ಇಳಿಯುತ್ತದೆ. ಹತ್ತಿರದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಇದ್ದರೇನು, ಬೀದಿಯ ಫ್ಯೂಸ್ ಹಾರಿದರೆ ಮನೆಯ ಸರ್ವರ್ ಕತ್ತಲಲ್ಲೇ.

ಇನ್ವರ್ಟರ್ ಇದೆಯಲ್ಲ ಎಂದು ಕೇಳಬಹುದು. ಹಳೆ ಯಂತ್ರದ ನಿಜವಾದ ರೋಗ ಅಲ್ಲೇ ಬಯಲಾಗುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಂಪ್ಯೂಟರ್‌ನ ಪವರ್ ಸಪ್ಲೈ ಹೊಸದಿದ್ದಾಗ, ಕರೆಂಟ್ ನಿಂತರೂ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿದಿರುತ್ತದೆ. ಆ ಉಸಿರು ಇರುವುದು ಕೆಪಾಸಿಟರ್‌ಗಳಲ್ಲಿ. ವರ್ಷಗಟ್ಟಲೆ ಬಿಸಿಗೆ ಅವು ಒಣಗಿ, ತಲೆ ಉಬ್ಬಿ, ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತವೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಳ್ಳುವ ನಡುವಿನ, ಹೊಸ ಯಂತ್ರ ದಾಟುವ ಅದೇ ಕ್ಷಣದಲ್ಲಿ ಹಳೆಯದು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕಾರಣವಿಲ್ಲದೆ ರೀಸ್ಟಾರ್ಟ್ ಆಗುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದ ಹುಟ್ಟಿದವು. ಹಾಗಾಗಿ ಇನ್ವರ್ಟರ್‌ನ ಸ್ವಿಚ್ಚನ್ನು ಬೇಗ ಬದಲಾಗುವ ಯುಪಿಎಸ್ ಮೋಡ್‌ನಲ್ಲಿ ಇಡುವುದು ಮೊದಲ ಕೆಲಸ. ಅದಕ್ಕೆ ಒಂದು ಪೈಸೆಯೂ ಬೇಡ.

ಮೇಜಿನ ಕೆಳಗಿನ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವ್ಯಾಟ್-ಅವರ್. ಸೋರಿಕೆ ಕಳೆದು 60 ವ್ಯಾಟ್‌ನ ಯಂತ್ರಕ್ಕೆ ಹೊಸತರಲ್ಲಿ ಅರ್ಧ ಗಂಟೆ, ಅದಕ್ಕಿಂತ ತುಸು ಹೆಚ್ಚು. ಲೆಡ್-ಆ್ಯಸಿಡ್ ಬ್ಯಾಟರಿಯ ಆಯುಷ್ಯ ಅಳೆಯುವುದು 25 ಡಿಗ್ರಿಯಲ್ಲಿ. ಅಲ್ಲಿಂದ ಪ್ರತಿ 10 ಡಿಗ್ರಿ ಏರಿಕೆಗೆ ಅದು ಅರ್ಧಕ್ಕೆ ಇಳಿಯುತ್ತದೆ. ಹೊರಗೆ 40 ದಾಟುವ ಊರಿನಲ್ಲಿ ನಾಲ್ಕು ವರ್ಷದ ಬ್ಯಾಟರಿ ಎರಡು ವರ್ಷಕ್ಕೆ ಕೈಕೊಟ್ಟರೆ ಅದು ಬ್ಯಾಟರಿಯ ತಪ್ಪಲ್ಲ. ಬದಲಿಸಲು ಸಾವಿರ ರೂಪಾಯಿ ಆಸುಪಾಸು ಎತ್ತಿಡಬೇಕು.

ಎಲ್ಲಕ್ಕಿಂತ ಅಗ್ಗದ ಭಾಗವೇ ಹೆಚ್ಚು ಕಾಡುತ್ತದೆ. ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ 3 ವೋಲ್ಟ್ ಸೆಲ್, ಸಿಆರ್2032. ಐವತ್ತು ರೂಪಾಯಿಯೊಳಗೆ ಸಿಗುತ್ತದೆ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ ಭದ್ರತಾ ಪ್ರಮಾಣಪತ್ರದ ಅವಧಿ 90 ದಿನ. ಗಡಿಯಾರ ತಪ್ಪಿದ ಯಂತ್ರ ಅದನ್ನು ನವೀಕರಿಸಲು ಹೋಗಿ ಮುಗ್ಗರಿಸುತ್ತದೆ. 'ಕರೆಂಟ್ ಬಂದೊಡನೆ ತಾನೇ ಆನ್ ಆಗು' ಎಂಬ ಬಯೋಸ್ ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತದೆ. ಮನೆಯವರು ಊರಿಗೆ ಹೋಗಿದ್ದರೆ ಅವರು ವಾಪಸ್ ಬರುವವರೆಗೆ ಸರ್ವರ್ ಇಲ್ಲ.

ಹಾರ್ಡ್ ಡಿಸ್ಕ್‌ನ ಲೆಕ್ಕ ಗಂಟೆಗಳಲ್ಲಿ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ವರ್ಷ ಓಡಿದ ಡಿಸ್ಕ್ 29,200 ಗಂಟೆ ತಿರುಗಿರುತ್ತದೆ. ಸರ್ವರ್ ಮಾಡಿದರೆ ವರ್ಷಕ್ಕೆ 8,760. ಹತ್ತು ವರ್ಷದ ಸವೆತ ಮೂರೂವರೆ ವರ್ಷದೊಳಗೆ ಮತ್ತೊಮ್ಮೆ. ಲಕ್ಷಾಂತರ ಡಿಸ್ಕ್ ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿ 2024ಕ್ಕೆ ಪ್ರಕಟಿಸಿದ ವಾರ್ಷಿಕ ವೈಫಲ್ಯ ಪ್ರಮಾಣ ಶೇ 1.57. ಅದು ತಂಪು ಕೋಣೆಗಳ ಲೆಕ್ಕ. ದೂಳು ತುಂಬಿದ ಫ್ಯಾನ್‌ನ ಹಿಂದೆ ಬೇಯುವ ಡಿಸ್ಕ್‌ಗೆ ಆ ಅಂಕಿಯನ್ನು ನೆಚ್ಚಬಾರದು.

ಹಾಗಾದರೆ ಬದಲಿ ಏನು? 5 ವ್ಯಾಟ್‌ನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಿಂಗಳಿಗೆ 3.6 ಯೂನಿಟ್ ಬಳಸುತ್ತದೆ. ಡೆಸ್ಕ್‌ಟಾಪ್‌ನ ಒಂದು ತಿಂಗಳ ಕರೆಂಟ್‌ನಲ್ಲಿ ಅದು ಒಂದು ವರ್ಷ ಓಡುತ್ತದೆ. ಕೊಳ್ಳಲು ಕೆಲವು ಸಾವಿರ ಬೇಕು, ಎರಡು ವರ್ಷದ ವಿದ್ಯುತ್ ಉಳಿತಾಯ ಅದನ್ನು ತೀರಿಸಬಲ್ಲದು. 20 ವ್ಯಾಟ್‌ನ ಹಳೆ ಲ್ಯಾಪ್‌ಟಾಪ್ ನಡುದಾರಿ: 14.4 ಯೂನಿಟ್, ಯುಪಿಎಸ್ ಹೊಟ್ಟೆಯಲ್ಲೇ; ಬ್ಯಾಟರಿ ಉಬ್ಬಿದೆಯೇ ಎಂದು ಮಾತ್ರ ನೋಡುತ್ತಿರಬೇಕು. ತಿಂಗಳಿಗೆ 500 ರೂಪಾಯಿಯ ಬಾಡಿಗೆ ಸರ್ವರ್ ಹಿಡಿದರೆ ಶೇ 18 ಜಿಎಸ್‌ಟಿ ಸೇರಿ ವರ್ಷಕ್ಕೆ 7,080 ರೂ. ಡೆಸ್ಕ್‌ಟಾಪ್ ಬಿಡಲು ಮನಸ್ಸಿಲ್ಲದಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು. 160 ಯೂನಿಟ್ ಸರಾಸರಿಯ ಮನೆಗೆ ಉಚಿತವಾಗಿ ಮಿಗುವುದು 16 ಯೂನಿಟ್, ಅಂದರೆ ದಿನಕ್ಕೆ ಸುಮಾರು 9 ಗಂಟೆ. ಓದುಗರು ಬರುವ ಸಂಜೆಯ ಹೊತ್ತಿಗೆ ಆ ಗಂಟೆಗಳನ್ನು ಇಟ್ಟುಕೊಂಡರೆ ಬಿಲ್ ಸೊನ್ನೆಯಲ್ಲೇ ನಿಲ್ಲುತ್ತದೆ. ಪೆಂಟಿಯಮ್ 4 ಕಾಲದ 32 ಬಿಟ್ ಯಂತ್ರಗಳಿಗೆ ಈ ಮಾತಿಲ್ಲ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಲಿನಕ್ಸ್ ಅವುಗಳ ಮೇಲೆ ಕೂರುವುದಿಲ್ಲ.

ಯಾವ ಯಂತ್ರವೇ ಇರಲಿ, ಬ್ಯಾಕಪ್‌ ಬೇಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. 19 ಕೆಬಿಯ ಐನೂರು ಲೇಖನ ಕೂಡಿದರೂ 10 ಎಂಬಿ ಆಗದು. ಸಾವಿರ ಫೋಟೊ ಸೇರಿಸಿದರೂ 3 ಜಿಬಿ. 64 ಜಿಬಿಯ ಪೆನ್‌ಡ್ರೈವ್ ಎರಡು ಸಾಕು: ಒಂದು ಗಾಂಧಿನಗರದ ಬೀರುವಿನಲ್ಲಿ, ಇನ್ನೊಂದು ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಇರುವ ನೆಂಟರ ಮನೆಯಲ್ಲಿ. ಹಬ್ಬಕ್ಕೆ ಹೋದಾಗಲೆಲ್ಲ ಎರಡನ್ನೂ ಅದಲುಬದಲು ಮಾಡಿ, ತಂದದ್ದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು.