ತರಗತಿಯಲ್ಲಿ ಹತ್ತು ನಿಮಿಷದ ಮೌನ ಓದು

ವಿದ್ಯಾರ್ಥಿವೇತನದ ಜೊತೆಗೆ ಕಥೆಪುಸ್ತಕಗಳಿಗೂ ಹಣವೇಕೆ ಎಂದು ಕೆಲವು ದಾನಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ನೆರವು ಪಡೆಯುವ ಅನೇಕ ಮಕ್ಕಳ ಮನೆಮಾತು ಉರ್ದು ಅಥವಾ ಬ್ಯಾರಿ. ಕನ್ನಡದ ಓದು ಅವರಿಗೆ ಸಿಗುವುದು ಶಾಲೆಯಲ್ಲಿ ಮಾತ್ರ. ಅಲ್ಲಿಯೂ ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಸಾಲಿನ ಮೇಲೆ ಬೆರಳಿಟ್ಟು ಕೂರುತ್ತಾರೆ. 40 ಮಕ್ಕಳ ತರಗತಿಯಲ್ಲಿ ಒಂದು ಮಗುವಿನ ಪಾಲಿಗೆ ಒಂದು ನಿಮಿಷ ಬಂದರೆ ಹೆಚ್ಚು. ಆದರೆ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಯಾರೂ ಓದಿ ಹೇಳುವುದಿಲ್ಲ. ಕೂಡಿ ಕಳೆಯಲು ಚೆನ್ನಾಗಿ ಬಲ್ಲ ಮಗುವೂ ಲೆಕ್ಕದ ವಾಕ್ಯ ತಿಳಿಯದೆ ಅಂಕ ಕಳೆದುಕೊಳ್ಳುತ್ತದೆ.

ಜಪಾನಿನ ಚಿಬಾ ಪ್ರಾಂತ್ಯದ ಪ್ರೌಢಶಾಲೆಯೊಂದರಲ್ಲಿ 1988ರಲ್ಲಿ ಬೆಳಗಿನ ಹತ್ತು ನಿಮಿಷದ ಓದು ಆರಂಭವಾಗಿ ದೇಶದ ತುಂಬ ಹರಡಿತು. ನಿಯಮಗಳು ಸರಳ: ಎಲ್ಲರೂ ಓದಬೇಕು, ದಿನವೂ ಓದಬೇಕು, ಇಷ್ಟದ ಪುಸ್ತಕ ಓದಬೇಕು, ಓದಿದರೆ ಸಾಕು. ಎಲ್ಲರೂ ಎಂದರೆ ಶಿಕ್ಷಕರೂ. (ಶಿಕ್ಷಕರು ಹಾಜರಿ ಪುಸ್ತಕ ತುಂಬುತ್ತ ಕೂತರೆ ಮಕ್ಕಳು ಬರೀ ಪುಟ ತಿರುವುತ್ತಾರೆ. ಇದನ್ನು ನಾವು ಚೆನ್ನಾಗಿ ಬಲ್ಲೆವು.)

ಇಷ್ಟರಿಂದಲೇ ಎಲ್ಲ ಸರಿಹೋಗದು. ಮೌನ ಓದಿನಿಂದ ಮಾತ್ರ ಓದುವ ವೇಗ ಹೆಚ್ಚುತ್ತದೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ರಲ್ಲಿ ಹೇಳಿತು. ಅಕ್ಷರ ಕೂಡಿಸಲು ಕಷ್ಟಪಡುವ ಮಗುವಿಗೆ ಮೊದಲು ಪಕ್ಕದಲ್ಲಿ ಕೂತು ಕಲಿಸಬೇಕು.

ಪೋಷಕರಲ್ಲಿ ಒಂದು ವಿನಂತಿ: ಮಗು ಕಥೆ ಓದುತ್ತಿದ್ದರೆ, "ಪಾಠ ಓದು" ಎಂದು ಎಬ್ಬಿಸಬೇಡಿ. ಈ ಸಲದ ಅರ್ಜಿಯಲ್ಲಿ ಮಗು ಕೊನೆಯದಾಗಿ ಓದಿದ ಪುಸ್ತಕದ ಹೆಸರು ಕೇಳಿದ್ದೇವೆ. ಆ ಜಾಗ ಖಾಲಿಯಿದ್ದರೆ ಅರ್ಜಿ ತಿರಸ್ಕೃತವಾಗುವುದಿಲ್ಲ; ಆ ಮಗುವಿಗೆ ಮೊದಲು ಪುಸ್ತಕ ಕೊಡುತ್ತೇವೆ.