ಮಣ್ಣೆತ್ತಿನ ಅಮಾವಾಸ್ಯೆಯಿಂದ ಎಳ್ಳಮಾವಾಸ್ಯೆವರೆಗೆ: ಹಕ್ಕಿ–ಪತಂಗಗಳ ಲೆಕ್ಕ

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಹಕ್ಕಿ ನೋಡಲೆಂದು ಬಂದಿಳಿಯುವವರು ಕಡಿಮೆ. ಅವರ ದಾರಿ ದಾಂಡೇಲಿ, ರಂಗನತಿಟ್ಟಿನ ಕಡೆಗೆ. ಇಲ್ಲಿರುವುದು ಎರೆಹೊಲ, ಕೆಂಪು ಮುರಮಿನ ದಿಬ್ಬ, ಜಾಲಿ–ಬೇವು ಬೆಳೆದ ಬದು, ಚುಳಕಿನಾಲಾ ಮತ್ತು ಮುಲ್ಲಾಮಾರಿಯ ನೀರು, ಬಸವಕಲ್ಯಾಣದ ತ್ರಿಪುರಾಂತ ಕೆರೆ. ಇಂಥ ನೆಲದಲ್ಲಿ ಒಂದು ತುಣುಕನ್ನು ಆರಿಸಿಕೊಂಡು, ಅಲ್ಲಿ ಹಗಲು ಕಾಣುವ ಹಕ್ಕಿ, ಇರುಳು ದೀಪಕ್ಕೆ ಬರುವ ಪತಂಗ ಎರಡನ್ನೂ ವರ್ಷವಿಡೀ ಬರೆದಿಡುವುದೇ ಸ್ಥಳೀಯ ದಾಖಲಾತಿ. ತುಣುಕು ದೊಡ್ಡದಿರಬೇಕಿಲ್ಲ. ಕೆರೆಯ ಒಂದು ದಂಡೆ, ಎರಡೆಕರೆ ತೊಗರಿ, ಶಾಲೆಯ ಹಿಂದಿನ ಬೀಳು ಸಾಕು. ಮತ್ತೆ ಮತ್ತೆ ಅಲ್ಲಿಗೇ ಹೋಗುವುದು ಮುಖ್ಯ.

ಬಸವಕಲ್ಯಾಣಕ್ಕೂ ಹಕ್ಕಿಗಳಿಗೂ ಬರಹದ ನಂಟು ಹಳೆಯದು. 12ನೆಯ ಶತಮಾನದಲ್ಲಿ ಇಲ್ಲಿಂದ, ಅಂದಿನ ಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಗಿಡುಗ ಬಿಟ್ಟು ಬೇಟೆಯಾಡುವ, ಹುಂಜ–ಲಾವುಗೆಗಳನ್ನು ಕಾದಾಡಿಸುವ ವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಅದು ಅರಸರ ಹಕ್ಕಿಶಾಸ್ತ್ರ; ಹೊಲದ ಹಕ್ಕಿಯ ಲೆಕ್ಕ ಅಲ್ಲಿಲ್ಲ. ಆ ಬಗೆಯ ಲೆಕ್ಕ ಶುರುವಾದದ್ದು ಸಲೀಂ ಅಲಿ 1931–32ರಲ್ಲಿ ನಡೆಸಿದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯಿಂದ. ಆಗ ಬೀದರ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಬಸವಕಲ್ಯಾಣ ಇನ್ನೂ ‘ಕಲ್ಯಾಣಿ’ ಎಂಬ ಜಹಗೀರಾಗಿತ್ತು. ಪತಂಗಗಳ ಮಟ್ಟಿಗೆ ಇಂದಿಗೂ ಆಧಾರವೆಂದರೆ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರವರೆಗೆ ಹೊರತಂದ ನಾಲ್ಕು ಸಂಪುಟಗಳು. ದೇಶದಲ್ಲಿ ಚಿಟ್ಟೆ ಸುಮಾರು 1,300 ಜಾತಿ, ಪತಂಗ 10,000ಕ್ಕೂ ಹೆಚ್ಚು. ನೋಡುವ ಕಣ್ಣುಗಳ ಲೆಕ್ಕ ಮಾತ್ರ ತಿರುವುಮುರುವು.

ಪತಂಗ ನೋಡಲು ಬೇಕಾದ್ದು ಒಂದು ಬಿಳಿ ಧೋತರ ಮತ್ತು ದೀಪ. ಎರಡು ಗೂಟಕ್ಕೆ ಧೋತರ ಬಿಗಿದು ಕಟ್ಟಿ, ಮುಂದೆ ಪಾದರಸ ದೀಪ ಅಥವಾ ನೇರಳಾತೀತ ಬೆಳಕಿನ ದೀಪ ಇಟ್ಟರಾಯಿತು. ಮನೆಯ ಎಲ್‌ಇಡಿ ಬಲ್ಬಿಗೆ ಬರುವ ಹುಳ ಕಡಿಮೆ. ಬೆಳದಿಂಗಳಿದ್ದರೂ ಕಡಿಮೆ. ಜಗತ್ತಿನ ಹಲವೆಡೆ ಜುಲೈ ಕೊನೆಯ ವಾರವನ್ನು ಪತಂಗ ಸಪ್ತಾಹವೆಂದು ಆಚರಿಸುತ್ತಾರೆ, ಆದರೆ ಆ ವಾರದಲ್ಲೇ ಹುಣ್ಣಿಮೆ ಬಿದ್ದರೆ ಧೋತರ ಖಾಲಿ ಉಳಿದೀತು. ಈ ಕೆಲಸಕ್ಕೆ ನಮ್ಮ ಪಂಚಾಂಗವೇ ವಾಸಿ: ಮುಂಗಾರು ಬಿದ್ದು ನೆಲ ಹಸಿಯಾದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆ, ಅದರ ಹಿಂದೆಯೇ ಬರುವ ನಾಗರ ಅಮಾವಾಸ್ಯೆ. ಗಾಳಿಯಿಲ್ಲದ, ಸೆಕೆಯ, ಮೋಡ ಮುಚ್ಚಿದ ರಾತ್ರಿಯಾದರೆ ಇನ್ನೂ ಒಳ್ಳೆಯದು.

ಮೊದಲು ಬರುವುದು ಚಿಕ್ಕವು, ಹೆಸರು ಹೇಳಲು ಕಷ್ಟವಾದವು. ಕತ್ತಲೆ ಬಲಿತಂತೆ ದೊಡ್ಡವು ಬರುತ್ತವೆ. ಕಣಗಿಲೆ ತಿಂದು ಬೆಳೆದ ಗಿಡುಗ ಪತಂಗದ ರೆಕ್ಕೆಯ ಮೇಲೆ ಹಸಿರು–ನಸುಗೆಂಪಿನ ಪಟ್ಟೆಗಳು. ಅದರ ಬಳಗದ ಇನ್ನೊಂದರ ಬೆನ್ನಿನ ಮೇಲೆ ತಲೆಬುರುಡೆಯಂಥ ಹಳದಿ ಗುರುತು. ಇದರ ಮರಿ ಎಳ್ಳಿನ ಗಿಡ ಮೇಯುತ್ತದೆ. ದೊಡ್ಡದಾದ ಮೇಲೆ ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುತ್ತದೆ, ಕೈಯಲ್ಲಿ ಹಿಡಿದರೆ ಇಲಿಯಂತೆ ಕಿಚುಗುಟ್ಟುತ್ತದೆ. ಫೋಟೊ ತೆಗೆದು, ಸಮಯ, ಹವೆ, ದೀಪದ ಬಗೆ ಬರೆದುಕೊಂಡು, ನಸುಕಿಗೆ ಮುಂಚೆ ದೀಪ ಆರಿಸಿ ಧೋತರ ಝಾಡಿಸಿಬಿಡಬೇಕು. ಇಲ್ಲದಿದ್ದರೆ ಕಾಜಾಣ, ಗೊರವಂಕಗಳು ಒಂದೆರಡು ದಿನದಲ್ಲೇ ಜಾಗ ಕಲಿತು, ಬೆಳಗಾಗುವುದರೊಳಗೆ ತಿಂಡಿಗೆ ಹಾಜರಾಗುತ್ತವೆ. ಆಗ ಪತಂಗದ ಪುಟ ಹಕ್ಕಿಯ ಪುಟವಾಗುತ್ತದೆ.

ಹೊಲದಲ್ಲಿ ಈ ಕೆಲಸ ಬೇರೆ ಹೆಸರಿನಲ್ಲಿ ಆಗಲೇ ನಡೆದಿದೆ. ತೊಗರಿಯ ಕಾಯಿಕೊರಕವನ್ನು ಈ ಕಡೆ ಕೀಡಿ ಅನ್ನುತ್ತಾರೆ. ಅದರ ಗಂಡು ಪತಂಗವನ್ನು ಸೆಳೆಯಲು ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ಟುವ ರೂಢಿಯಿದೆ. ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಹುಲ್ಲಿನ ಬಣ್ಣದ ಪತಂಗಗಳು: ಮುಂರೆಕ್ಕೆಯಲ್ಲಿ ಮೂತ್ರಪಿಂಡದ ಆಕಾರದ ಕಪ್ಪು ಮಚ್ಚೆ, ಮಸುಕಾದ ಹಿಂರೆಕ್ಕೆಗೆ ಕಪ್ಪು ಅಂಚು. ಎಷ್ಟು ಬಿದ್ದವೆಂದು ನೋಡಿ ಔಷಧಿ ಹೊಡೆಯುವುದೋ ಬೇಡವೋ ಎಂದು ನಿರ್ಧರಿಸಿ, ಚೀಲ ಕೊಡವುತ್ತಾರೆ. ಆ ಸಂಖ್ಯೆಯನ್ನು ತಾರೀಖಿನ ಸಮೇತ ಐದು ವರ್ಷ ಬರೆದಿಟ್ಟರೆ ಅದೇ ಒಳ್ಳೆಯ ದಾಖಲೆ. ತಾರೀಖಿನ ಬೆಲೆ ಏನೆಂದು 2018 ತೋರಿಸಿತು. ಅಮೆರಿಕ ಮೂಲದ ಸೈನಿಕ ಹುಳು ಆ ವರ್ಷ ಭಾರತದಲ್ಲಿ ಮೊದಲು ಪತ್ತೆಯಾದದ್ದು ಕರ್ನಾಟಕದಲ್ಲೇ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಒಂದೆರಡು ವರ್ಷದಲ್ಲಿ ದೇಶದ ಬಹುತೇಕ ರಾಜ್ಯಗಳಿಗೆ ಅದು ಹರಡಿತು.

ಹಕ್ಕಿಯ ಪುಟಕ್ಕೆ ದೀಪ ಬೇಡ, ಗಡಿಯಾರ ಬೇಕು. ಕನಿಷ್ಠ 15 ನಿಮಿಷ ನಿಂತೋ ನಡೆದೋ, ಕಂಡ ಮತ್ತು ಕೇಳಿದ ಪ್ರತಿ ಜಾತಿಯನ್ನೂ ಎಣಿಸಿ ಬರೆಯುವುದು ಇ–ಬರ್ಡ್‌ನಂಥ ದತ್ತಾಂಶ ತಾಣಗಳ ಪದ್ಧತಿ. ಕಾಗೆ, ಬೆಳವ, ಗುಬ್ಬಿ ಬಿಡುವಂತಿಲ್ಲ. ಹೊಸಬರು ಎಡವುವುದೇ ಇಲ್ಲಿ, ಅಪರೂಪದ್ದನ್ನು ಮಾತ್ರ ಬರೆಯುತ್ತಾರೆ. ಸಾಮಾನ್ಯ ಹಕ್ಕಿ ಕಡಿಮೆಯಾದದ್ದು ಗೊತ್ತಾಗುವುದು ಅದನ್ನು ಮೊದಲೇ ಎಣಿಸಿಟ್ಟಿದ್ದರೆ ಮಾತ್ರ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳ ಸ್ಥಿತಿ ಹೇಳಿದ್ದು ಸುಮಾರು 30,000 ವೀಕ್ಷಕರ ಇಂಥ ಪಟ್ಟಿಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ ಎಂಬುದು ತಿಳಿದದ್ದೂ ಹಾಗೆಯೇ. ತಂತಿಯ ಮೇಲೆ ಮಂಕಾಗಿ ಕುಳಿತು, ಹಾರಿದೊಡನೆ ನೀಲಿ ಚೆಲ್ಲುವ ಆ ಹಕ್ಕಿ ಇಲ್ಲಿನ ಹೊಲಗಳಿಗೆ ಹೊಸದೇನಲ್ಲ.

ಋತು ತಿರುಗಿದಂತೆ ಪಟ್ಟಿಯೂ ತಿರುಗುತ್ತದೆ. ಮುಂಗಾರಿನ ಜೊತೆ ಚಾತಕ ಬರುತ್ತದೆ, ಬಾವಿಯ ಮೇಲಿನ ಜಾಲಿಯಲ್ಲಿ ಗೀಜಗ ಗೂಡು ನೇಯುತ್ತದೆ. ಮಳೆಗಾಲದ ನಡುವೆಯೇ ಗುಲಾಬಿ ಕಬ್ಬಕ್ಕಿಗಳ ಮೊದಲ ಹಿಂಡು ಮಧ್ಯ ಏಷ್ಯಾದ ಕಡೆಯಿಂದ ಇಳಿಯುತ್ತದೆ. ಜೋಳ ಹಾಲುಗಟ್ಟಿದಾಗ ಅಟ್ಟದ ಮೇಲೆ ಕವಣೆ ಹಿಡಿದು ಕೂಗುವವರಿಗೆ ಅವು ಕಳ್ಳರು, ಕೀಡಿ–ಮಿಡತೆ ತಿನ್ನುವಾಗ ಕೂಲಿ ಕೇಳದ ಆಳುಗಳು. ಚಳಿಯಲ್ಲಿ ಕಜಾಕಸ್ತಾನದ ಬಯಲುಗಳಿಂದ ಹ್ಯಾರಿಯರ್ ಗಿಡುಗಗಳು ದಖ್ಖನ್ನಿಗೆ ಬಂದು, ಪೈರಿನ ನೆತ್ತಿ ಸವರುವಷ್ಟು ತಗ್ಗಿನಲ್ಲಿ ತೇಲುತ್ತವೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಇರುಳು ಕೊರೆಯುತ್ತದೆ, ಧೋತರಕ್ಕೆ ಬರುವ ಪತಂಗ ಬೆರಳೆಣಿಕೆಯಷ್ಟು. ಅಂದು ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಆ ಚರಗಕ್ಕೆ ಇಳಿಯುವ ಹಕ್ಕಿಗಳನ್ನು ಊಟದ ನಂತರ ಬೇವಿನ ನೆರಳಲ್ಲಿ ಕುಳಿತು ಎಣಿಸಬಹುದು. ಪುಸ್ತಕದಲ್ಲಿ ತಾರೀಖು, ಹೊಲದ ಹೆಸರು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವುದು ಎಷ್ಟು. ಹಿಂದಿನ ವರ್ಷ ಬಂದದ್ದು ಈ ಸಲ ಬಾರದಿದ್ದರೆ ಅದರ ಮುಂದೆ ಸೊನ್ನೆ.